ಮನೇಲಿ ಪ್ರೆಶರ್ ಇನ್ನೂರ ಮೂವತ್ತು

ಗೊತ್ತಪ್ಪ ಎನ್ನುವುದು ಅವನ ಹೆಸರಲ್ಲ. ಹೆತ್ತವರು ಚೆಂದದ್ದೇ ಒಂದು ಹೆಸರಿಟ್ಟಿದ್ದರು. ಆದರೆ ಎದುರಿಗಿದ್ದವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅಂಗೈ ಎತ್ತಿ, "ಗೊತ್ತಪ್ಪಾ, ಗೊತ್ತು!" ಎಂದು ತಡೆಯುವುದು ಅವನ ಚಟ. "ಮೆಟ್ಟಿಲು ಒದ್ದೆ ಇದೆ..." ಎಂದು ಹೇಳಹೊರಟವರಿಗೂ ಅದೇ ಉತ್ತರ, ಮರುಕ್ಷಣ ಧಡ್ ಎಂಬ ಸದ್ದು. ಹೀಗಾಗಿ ಕಟ್ಟಡದವರು ಅವನಿಗೆ ಆ ಹೆಸರನ್ನೇ ಖಾಯಂ ಮಾಡಿದ್ದರು. ನಿನ್ನನ್ನು ಹಿಂದಿನಿಂದ ಹೀಗೆ ಕರೆಯುತ್ತಾರೆ ಎಂದು ಯಾರೋ ಹಿತೈಷಿ ತಿಳಿಸಹೋದಾಗಲೂ ಅವನು ಹೇಳಿದ್ದು ಅದನ್ನೇ.

ನೀರು ಸರಬರಾಜು ಕಚೇರಿಯಲ್ಲಿ ಅವನು ಗುಮಾಸ್ತ. ಜನ ತರುವ ದೂರುಗಳನ್ನು ಕೇಳಿಸಿಕೊಂಡು ಬೇರೆಯವರ ಮೇಜಿಗೆ ದಾಟಿಸುವುದು ಕೆಲಸ. ಆ ಕಚೇರಿಯ ಪ್ರಕಾರ ಜಗತ್ತಿನ ಸಕಲ ಕಷ್ಟಗಳಿಗೂ ಎರಡೇ ಕಾರಣ: ಪ್ರೆಶರ್ ಕಮ್ಮಿ, ಇಲ್ಲವೇ ಪ್ರೆಶರ್ ಜಾಸ್ತಿ. ಅಲ್ಲೇ ಕೂದಲು ನರೆತ ಗೊತ್ತಪ್ಪ ಮಿಕ್ಕ ಎಲ್ಲವನ್ನೂ ಅದೇ ಅಳತೆಗೋಲಿನಿಂದ ಅಳೆಯುತ್ತಿದ್ದ. ರಸ್ತೆಯಲ್ಲಿ ವಾಹನ ಕಿಕ್ಕಿರಿದರೆ ಪ್ರೆಶರ್ ಜಾಸ್ತಿ. ನೆರೆಮನೆಯ ಹುಡುಗಿ ಪರೀಕ್ಷೆಯಲ್ಲಿ ಫೇಲಾದರೆ ಪ್ರೆಶರ್ ಕಮ್ಮಿ. ಕರೆಂಟಿನ ವೋಲ್ಟೇಜ್ ಕೂಡ ಅವನ ಬಾಯಲ್ಲಿ ಪ್ರೆಶರೇ. "ಅದೂ ಹರಿಯೋದೇ, ಇದೂ ಹರಿಯೋದೇ. ತಂತಿ ಅಂದ್ರೆ ಸಣ್ಣ ಪೈಪು, ಅಷ್ಟೇ ಕಣ್ರೀ" ಎಂದು ಮೀಟರ್ ಓದಲು ಬಂದವರಿಗೇ ಪಾಠ ಹೇಳಿ ಕಳಿಸುತ್ತಿದ್ದ. ಆ ಒಂದು ಪದ ಮುಂದೆ ಅವನ ಕುತ್ತಿಗೆಗೆ ಬರಲಿದೆ ಎಂದು ಯಾರೂ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಏನೆನ್ನುತ್ತಿದ್ದ ಎಂಬುದು ನಿಮಗೀಗ ಗೊತ್ತೇ ಇದೆ.

ಕಚೇರಿಯ ಸಾಹೇಬರು ಪರದೇಶದಲ್ಲಿ ನಡೆಯುವ ಪೈಪುಗಳ ಪ್ರದರ್ಶನವೊಂದಕ್ಕೆ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ಅವರ ಕಾಲು ಉಳುಕಿತು. ಟಿಕೆಟ್ ದಂಡವಾಗಬಾರದೆಂದು ಗೊತ್ತಪ್ಪನನ್ನು ಅಟ್ಟಿದರು. ಅವನು ಹೋದ, ಪೈಪು ನೋಡಿದ, ಬಂದ. ಬಂದಮೇಲೆ ಮಾತ್ರ ಮನುಷ್ಯ ಮೊದಲಿನವನಾಗಿ ಉಳಿಯಲಿಲ್ಲ. ನಲ್ಲಿ ತಿರುಗಿಸಿದರೆ "ಅಲ್ಲಿ ಹೀಗಲ್ಲ" ಎಂದ. ಬಾಗಿಲು ಕಿರ್ ಎಂದರೆ "ಅಲ್ಲಿ ಬಾಗಿಲು ಕಿರ್ ಅನ್ನೋದೇ ಇಲ್ಲ" ಎಂದ. ಸೀನಿದವರನ್ನೂ ಒಂದು ಥರ ನೋಡಿದ.

ಆದರೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದ, ಅದನ್ನು ಒಪ್ಪಬೇಕು. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡವಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ ಹೊಲಿದು ಹೊಲಿದು ಬೆನ್ನು ಹಿಡಿದುಕೊಂಡಿತ್ತು. ಕಟ್ಟಡಕ್ಕೆಲ್ಲ ಅವಳು ಟೈಲರಮ್ಮ. ಮದುವೆಯಾದ ಲಾಗಾಯ್ತಿನಿಂದ ಗೊತ್ತಪ್ಪ ತಾನಾಗಿ ಅವಳಿಗೆಂದು ತಂದುಕೊಟ್ಟದ್ದು ಒಂದು ಸೂಜಿ ಪೊಟ್ಟಣ, ಅದೂ ಅವಳು ಚೀಟಿ ಬರೆದು ಕಳಿಸಿದಾಗ. ಈ ಸಲ ಅವಳಿಗಾಗಿ ಬೆನ್ನು ಒತ್ತುವ ಯಂತ್ರವನ್ನು ತಂದಿದ್ದ. ಕುರ್ಚಿಗೆ ಒರಗಿಸುವ ದಪ್ಪ ದಿಂಬು. ಪ್ಲಗ್ ಹಾಕಿದರೆ ಒಳಗಿನ ಗುಂಡುಗಳು ತಿರುಗಿ ಬೆನ್ನು ಒತ್ತುತ್ತವೆ. ಮಾರುವ ಹೆಂಗಸು ಡಬ್ಬದ ಮೇಲಿನ ಅಂಕಿಗೆ ಬೆರಳಿಟ್ಟು, "ನೂರ ಹತ್ತು, ನೂರ ಹತ್ತು ಮಾತ್ರ" ಎಂದು ತನ್ನ ಭಾಷೆಯಲ್ಲಿ ಬಡಕೊಂಡಿದ್ದಳು. ಗೊತ್ತಪ್ಪ ಅದನ್ನು ಕೂರುವವರ ತೂಕ ಎಂದು ತಿಳಿದ. ಹೆಂಡತಿಯನ್ನು ಮನಸ್ಸಿನಲ್ಲೇ ತೂಗಿ ನೋಡಿ, ಅಷ್ಟಿಲ್ಲವೆಂದು ಸಮಾಧಾನಪಟ್ಟು, ಅಂಗೈ ಎತ್ತಿದ್ದ.

ಹೆಂಡತಿಗೆ ಏನೆಂದು ಹೇಳಲಿಲ್ಲ. "ನಿನಗೆ ಅಂತ ಒಂದು ತಂದಿದೀನಿ. ಭಾನುವಾರ ನಿನ್ನ ತಮ್ಮನ ಎದುರಿಗೇ ತೋರಿಸ್ತೀನಿ" ಎಂದಷ್ಟೇ ಹೇಳಿದ. ಅವಳು ನಂಬಲಿಲ್ಲ. ಆಮೇಲೆ ನಂಬಿದಳು. ಆಮೇಲೆ ಅಳತೆ ಕೊಡಲು ಬಂದವರಿಗೆಲ್ಲ, "ನಮ್ಮೋರು ಅಷ್ಟು ದೂರದಿಂದ ನನಗೋಸ್ಕರ ಏನೋ ಹೊತ್ತು ತಂದಿದಾರೆ" ಎಂದು ಹೇಳತೊಡಗಿದಳು. ಹೇಳುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು.

ಅವಳು ಪರದೆ ತಲುಪಿಸಲು ಹೋಗಿದ್ದ ಹೊತ್ತು ನೋಡಿ ಗೊತ್ತಪ್ಪ ಯಂತ್ರವನ್ನು ಹೊರತೆಗೆದ. ಅದರ ಪ್ಲಗ್ಗಿನ ಪಿನ್ನುಗಳು ಚಪ್ಪಟೆ, ಗೋಡೆಯ ತೂತುಗಳು ದುಂಡಗೆ. ಇದನ್ನು ಮೊದಲೇ ಊಹಿಸಿದ್ದ ಅವನು ಒಂದು ಅಡಾಪ್ಟರ್ ತಂದಿಟ್ಟಿದ್ದ. ಪಿನ್ನು ಕೂತಿತು ಅಂದರೆ ಕರೆಂಟೂ ಕೂತಂತೆಯೇ ಎಂಬುದು ಅವನ ಸಿದ್ಧಾಂತ. ಸ್ವಿಚ್ ಒತ್ತಿದ. ಗುಂಡುಗಳು ಹುಚ್ಚು ಹಿಡಿದಂತೆ ಗಿರ್ರನೆ ತಿರುಗಿದವು. "ಅಲ್ಲಿಗಿಂತ ಇಲ್ಲೇ ಜೋರು!" ಎಂದು ಅವನು ದೇಶಾಭಿಮಾನದಿಂದ ಬೀಗುವಷ್ಟರಲ್ಲಿ ಢಬ್ ಎಂದಿತು. ದಿಂಬಿನ ಹೊಟ್ಟೆಯಿಂದ ಸಣ್ಣಗೆ ಹೊಗೆ ಬಂತು. ಜತೆಗೆ ರಬ್ಬರು ಸುಟ್ಟ ವಾಸನೆ.

ಈಗ ಒಂದು ಹಳೆಯ ವಿಷಯ ಹೇಳಬೇಕು. ಹಿಂದೊಮ್ಮೆ ಗೊತ್ತಪ್ಪ ಹೆಂಡತಿ ಇಲ್ಲದಾಗ ಅವಳ ಹೊಲಿಗೆ ಯಂತ್ರದ ಮೋಟಾರು ಬಿಚ್ಚಿ 'ಸರಿ' ಮಾಡಿದ್ದ. ಅಂದಿನಿಂದ ಅದು ಹಿಂದಕ್ಕೆ ಹೊಲಿಯಲು ಶುರುಮಾಡಿತ್ತು. ಶಾಲೆ ತೆರೆಯುವ ವಾರ. ರಾಶಿ ಸಮವಸ್ತ್ರ ಹಾಗೇ ಬಿದ್ದಿತ್ತು. ಆಗ ಅವಳು ಕೂಗಾಡಲಿಲ್ಲ. ಕತ್ತರಿ ಕೆಳಗಿಟ್ಟು ಹೇಳಿದ್ದಳು: "ಇನ್ನೊಂದು ಸಲ ನನಗೆ ಹೇಳದೆ ಈ ಮನೇಲಿ ಒಂದು ಸ್ಕ್ರೂ ಬಿಚ್ಚಿದ್ರೆ, ಮೆಷಿನ್ ಸಮೇತ ತಮ್ಮನ ಮನೆಗೆ ಹೋಗ್ತೀನಿ. ಆಮೇಲೆ ನಿಮಗೆ ಗೊತ್ತಿರೋದನ್ನೆಲ್ಲ ಗೋಡೆಗೆ ಹೇಳ್ಕೊಳ್ಳಿ." ಆ ತಣ್ಣನೆಯ ದನಿ ನೆನಪಾಗಿ ಗೊತ್ತಪ್ಪ ಮೊದಲು ಕಿಟಕಿ ತೆರೆದ. ಯಂತ್ರವನ್ನು ತರಕಾರಿ ಚೀಲಕ್ಕೆ ತುರುಕಿ ರಿಪೇರಿ ಅಂಗಡಿಗೆ ಓಡಿದ.

ರಿಪೇರಿಯವನ ಬಾಯಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್. ಯಂತ್ರಗಳ ಬಗ್ಗೆ ಅವನದು ವೈದ್ಯರ ಭಾಷೆ. ದಿಂಬಿನ ಹೊಟ್ಟೆ ಸೀಳಿ ಮೂಸಿ ನೋಡಿ, "ಸತ್ತಿದೆ ಸಾರ್" ಎಂದ.

"ಬದುಕಿಸೋಕಾಗಲ್ವಾ?"

"ಒಳಗಿನ ಕಾಯಿಲ್ ಬದಲಾಯಿಸಬೇಕು. ಆದ್ರೆ ನೀವು ಮತ್ತೆ ಅದೇ ಪ್ಲಗ್ಗಿಗೆ ಹಾಕಿದ್ರೆ ಮತ್ತೆ ಸಾಯುತ್ತೆ. ಇದು ನೂರ ಹತ್ತು ಕುಡಿಯೋ ಗಿರಾಕಿ, ನಮ್ಮಲ್ಲಿ ಬರೋದು ಇನ್ನೂರ ಮೂವತ್ತು. ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬಿ..."

"ಗೊತ್ತಪ್ಪಾ, ಗೊತ್ತು! ಪ್ರೆಶರ್ ಇಳಿಸಬೇಕು ಅಂತ ತಾನೇ? ಭಾನುವಾರ ಬೆಳಿಗ್ಗೆಯೊಳಗೆ ಆಗ್ಬೇಕು."

"ಡಬ್ಬಿ ಹುಡುಕಿ ಫೋನ್ ಮಾಡ್ತೀನಿ" ಎಂದ ರಿಪೇರಿಯವನು.

ಗೊತ್ತಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೆಂಡತಿ "ಏನ್ರೀ ಸುಟ್ಟ ವಾಸನೆ?" ಎಂದರೆ "ಪಕ್ಕದ ಮನೇದು" ಎಂದ, ಪಕ್ಕದ ಮನೆಯವರು ಕೇಳಿದರೆ "ಮೇಲಿನ ಮನೇದು" ಎಂದ. ಫೋನು ಮೊಳಗಿದಾಗೆಲ್ಲ ಎದ್ದು ಮೆಟ್ಟಿಲಿಗೆ ಓಡಿದ. ಹೀಗೆ ಒಂದು ಸಾಯಂಕಾಲ ಮೆಟ್ಟಿಲ ತಿರುವಿನಲ್ಲಿ ನಿಂತು ಅವನು ಆಡಿದ ಮಾತುಗಳನ್ನು ಇದ್ದದ್ದು ಇದ್ದಂತೆ ಕೊಡುತ್ತೇನೆ:

"ಹಲೋ, ಹೂಂ, ನಾನೇ... ಇಲ್ಲ ಸ್ವಾಮಿ, ನಮ್ಮನೇಲಿ ಪ್ರೆಶರ್ ಇನ್ನೂರ ಮೂವತ್ತು! ಯಾವಾಗ್ಲೂ ಅಷ್ಟೇ. ನೂರ ಹತ್ತಕ್ಕೆ ಇಳಿಸ್ಲೇಬೇಕು, ಇಲ್ದಿದ್ರೆ ಕಥೆ ಮುಗೀತು... ಭಾನುವಾರ ದಾಟಿದ್ರೆ ಮಾಡಿಯೂ ಪ್ರಯೋಜನ ಇಲ್ಲ... ಅಯ್ಯೋ ಬೇಡ ಬೇಡ, ಮನೇಲಿ ಹೇಳೋದೇ ಬೇಡ! ಗೊತ್ತಾದ್ರೆ ಅಲ್ಲಿಗೆ ಎಲ್ಲಾ ಮುಗಿದುಹೋಗುತ್ತೆ. ನಾನೊಬ್ಬನೇ ಹೇಗೋ ನುಂಗ್ಕೋತೀನಿ."

ಇಲ್ಲಿ ನಮ್ಮ ಭಾಷೆಯ ಒಂದು ಸೌಜನ್ಯವನ್ನು ಗಮನಿಸಬೇಕು. ನಮ್ಮಲ್ಲಿ ಗಂಡಸರು ಹೆಂಡತಿಯನ್ನು ಹೆಂಡತಿ ಎನ್ನಲು ನಾಚುತ್ತಾರೆ. "ನಮ್ಮನೇಲಿ ಹೇಳಿದ್ರು", "ನಮ್ಮನೇಲಿ ಊರಿಗೆ ಹೋಗಿದಾರೆ" ಎನ್ನುತ್ತಾರೆ. ಮನೆಯೇ ಎದ್ದು ಊರಿಗೆ ಹೋಯಿತೆಂದು ಯಾರೂ ತಿಳಿಯುವುದಿಲ್ಲ. ಆದ್ದರಿಂದ ಮೆಟ್ಟಿಲ ಪಕ್ಕದ ಬಾಗಿಲಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದ ನರ್ಸಮ್ಮ ತಪ್ಪು ತಿಳಿದರು ಎನ್ನುವುದು ಅನ್ಯಾಯ. ಅವರು ಸರಿಯಾಗಿಯೇ ತಿಳಿದರು.

ನರ್ಸಮ್ಮ ದೊಡ್ಡಾಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಅಂದಿನಿಂದ ರೋಗಿಗಳಿಲ್ಲದೆ ಸೊರಗಿದ್ದರು. ಇನ್ನೂರ ಮೂವತ್ತು ಎಂಬುದು ಕಿವಿಗೆ ಬಿದ್ದದ್ದೇ ಬಟಾಣಿಯ ಮೊರ ಮಡಿಲಿನಿಂದ ಜಾರಿತು.

"ಏನಪ್ಪಾ, ಇನ್ನೂರ ಮೂವತ್ತಾ? ಯಾವಾಗಿನಿಂದ?" ಎಂದು ಗೊತ್ತಪ್ಪನನ್ನು ಅಡ್ಡಗಟ್ಟಿದರು.

ಇವರಿಗೂ ಕರೆಂಟಿನಲ್ಲಿ ಆಸಕ್ತಿಯೇ ಎಂದು ಗೊತ್ತಪ್ಪನಿಗೆ ಸಂತೋಷವಾಯಿತು. "ಈ ಮನೆಗೆ ಬಂದಾಗಿನಿಂದ ಅಷ್ಟೇ ನರ್ಸಮ್ಮ. ಒಂದೊಂದು ಸಲ ಇನ್ನೂರ ನಲವತ್ತೂ ಮುಟ್ಟುತ್ತೆ. ಸಾಯಂಕಾಲ ನೀವೆಲ್ಲ ಬಿಸಿನೀರಿಗೆ ಹಾಕಿದಾಗ ಸ್ವಲ್ಪ ಇಳಿಯುತ್ತೆ."

"ನಾವು ಸ್ನಾನಕ್ಕೆ ನೀರು ಕಾಯಿಸಿದ್ರೆ ಅವರಿಗೆ ಇಳಿಯುತ್ತಾ?" ನರ್ಸಮ್ಮನ ವೈದ್ಯಕೀಯ ಜ್ಞಾನ ಇಲ್ಲಿ ಒಂದು ಸಲ ತತ್ತರಿಸಿತು. "ಏನಾದ್ರೂ ಔಷಧಿ, ಉಪಾಯ ಮಾಡಿದೀರಾ?"

"ಒಂದು ಡಬ್ಬಿ ಬರ್ತಾ ಇದೆ. ಭಾರೀ ತೂಕ. ಪಕ್ಕದಲ್ಲಿ ಇಟ್ಟು ತಂತಿ ಸಿಕ್ಕಿಸಿದ್ರೆ ಗುಂಯ್ ಅಂತ ಸದ್ದು ಮಾಡಿ ಅರ್ಧಕ್ಕೆ ಇಳಿಸುತ್ತಂತೆ."

"ಅಯ್ಯಯ್ಯೋ, ತಂತಿ ಸಿಕ್ಕಿಸೋದಾ! ಯಾವ ಡಾಕ್ಟ್ರು ಹೇಳಿದ್ದು?"

"ಡಾಕ್ಟ್ರು ಯಾಕೆ? ಮೂಲೆ ಅಂಗಡಿ ರಿಪೇರಿಯವನು."

ನರ್ಸಮ್ಮ ಗೋಡೆ ಹಿಡಿದುಕೊಂಡರು. ಗೊತ್ತಪ್ಪ ಅವರ ಕಿವಿಯ ಹತ್ತಿರ ಬಗ್ಗಿ, "ಮನೇಲಿ ಮಾತ್ರ ಬಾಯಿ ಬಿಡಬೇಡಿ, ನಿಮ್ಮ ದಮ್ಮಯ್ಯ" ಎಂದು ಕೈಮುಗಿದು ಹೋದ.

ನರ್ಸಮ್ಮ ಮಾತು ಉಳಿಸಿಕೊಂಡರು. ಟೈಲರಮ್ಮನಿಗೆ ಹೇಳಲಿಲ್ಲ. ಟೈಲರಮ್ಮನೊಬ್ಬಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಹೇಳಿದರು.

ಮರುದಿನದಿಂದ ಕಟ್ಟಡದ ನಡತೆಯೇ ಬದಲಾಯಿತು. ಟೈಲರಮ್ಮ ಬಕೆಟ್ ಎತ್ತಿದರೆ ಯಾರೋ ಓಡಿಬಂದು ಕಸಿದುಕೊಂಡರು. ಮೆಟ್ಟಿಲು ಹತ್ತಿದರೆ ಹಿಂದೊಬ್ಬರು ಮುಂದೊಬ್ಬರು ಕಾವಲು. ಮೇಲಿನ ಮನೆಯ ಪಿಟೀಲು ಮೇಷ್ಟ್ರು ಪಾಠ ನಿಲ್ಲಿಸಿದರು. ಅದರಿಂದ ಇಡೀ ಕಟ್ಟಡದ ಆರೋಗ್ಯವೇ ಸುಧಾರಿಸಿತು. ಪ್ರತಿ ಮನೆಯಿಂದಲೂ ಉಪ್ಪಿಲ್ಲದ ಗಂಜಿ ಬಂತು. ದೊಡ್ಡ ಪಾತ್ರೆ, ಸಣ್ಣ ಪಾತ್ರೆ, ಮುಚ್ಚಳ ಇದ್ದದ್ದು, ಇಲ್ಲದ್ದು. "ಯಾಕೆ?" ಎಂದು ಟೈಲರಮ್ಮ ಕೇಳಿದರೆ ತಂದವರು "ಸುಮ್ನೆ" ಎಂದು ಮೂಗು ಒರೆಸಿಕೊಂಡು ಹೋದರು. ಅದಕ್ಕಿಂತ ಹೆಚ್ಚಾಗಿ, ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರೇ ಬಂದು ವಾಪಸು ಒಯ್ಯತೊಡಗಿದರು.

"ಪರದೆ ಅರ್ಧ ಆಗಿದೆಯಲ್ಲಮ್ಮ?"

"ಅರ್ಧವೇ ಚೆನ್ನಾಗಿದೆ ಟೈಲರಮ್ಮ. ನೀವು ಮಲಕ್ಕೊಳ್ಳಿ. ಇನ್ನು ಯಾರಿಗೋಸ್ಕರ ದುಡೀತೀರಿ?" ಎಂದು ಎದುರುಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಗೊತ್ತಪ್ಪ ಇದನ್ನೆಲ್ಲ ನೋಡಿದ. ನೋಡಿ, ಯಂತ್ರ ಸುಟ್ಟದ್ದು ಎಲ್ಲರಿಗೂ ತಿಳಿದುಹೋಗಿದೆ, ಪಾಪದ ಹೆಂಗಸಿಗೆ ಬಂದ ಉಡುಗೊರೆ ಹೋಯಿತಲ್ಲ ಎಂದು ಮರುಗುತ್ತಿದ್ದಾರೆ ಎಂದುಕೊಂಡ. ಒಂದು ದಿಂಬಿಗೆ ಇಷ್ಟು ಗಂಜಿಯೇ ಎಂದು ಒಮ್ಮೆ ಅನ್ನಿಸಿತು. ಆದರೆ ಸಂಕಟದಲ್ಲಿರುವವನು ಅಷ್ಟು ಆಳಕ್ಕೆ ಯೋಚಿಸಲಾರ.

ಹೆಂಡತಿ ಖಾಲಿ ಹೊಲಿಗೆ ಮೇಜಿನ ಮುಂದೆ ಕೂತು ಅವನನ್ನೇ ದಿಟ್ಟಿಸುತ್ತಿದ್ದಳು. "ರೀ, ನನ್ನ ಹತ್ರ ಏನೋ ಮುಚ್ಚಿಡ್ತಿದೀರಾ?"

"ನಾನಾ? ಏನಿಲ್ಲಪ್ಪ."

"ಊರಿಗೆಲ್ಲ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ."

"ಭಾನುವಾರ ಬರ್ಲಿ, ಎಲ್ಲಾ ಸರಿಹೋಗುತ್ತೆ" ಎಂದು ಅವನು ಕೋಣೆಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದ. ಅವನು ಹಾಗೆ ನಡೆದಷ್ಟೂ ಅವಳ ಕಣ್ಣು ತುಂಬಿಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ಹೊಟ್ಟೆ ತುಂಬ ಉಣ್ಣಿ" ಎಂದಳು. ಗೊತ್ತಪ್ಪನಿಗೆ ನಾಚಿಕೆಯಿಂದ ತುತ್ತು ಇಳಿಯಲಿಲ್ಲ.

ಕಚೇರಿಯಲ್ಲೂ ಅವನಿಗೆ ನೆಮ್ಮದಿ ಇಲ್ಲ. ಫೈಲು ತೆರೆಯುವುದು, ಮುಚ್ಚುವುದು, ಫೋನು ನೋಡುವುದು, ಏಳುವುದು. ಸಾಹೇಬರು ಕರೆಸಿದರು. ಉಳುಕಿದ ಕಾಲು ಇನ್ನೂ ಸ್ಟೂಲಿನ ಮೇಲಿತ್ತು.

"ಏನ್ರೀ ನಿಮ್ಮ ಅವಸ್ಥೆ? ಬಾಲ ಸುಟ್ಟ ಬೆಕ್ಕಿನ ಥರ ಓಡಾಡ್ತಿದೀರಿ?"

"ಮನೇಲಿ ಪ್ರೆಶರ್ ತೊಂದರೆ ಸಾರ್."

ಬೇರೆ ಯಾವ ಸಾಹೇಬರಾದರೂ ಆಸ್ಪತ್ರೆಯ ವಿಳಾಸ ಕೊಡುತ್ತಿದ್ದರು. ಇವರು ನೀರು ಸರಬರಾಜಿನವರು. "ಕಮ್ಮಿಯಾ?" ಎಂದರು.

"ಜಾಸ್ತಿ ಸಾರ್. ಇನ್ನೂರ ಮೂವತ್ತು."

ಸಾಹೇಬರ ಕಾಲು ಸ್ಟೂಲಿನಿಂದ ತಾನಾಗಿ ಕೆಳಗಿಳಿಯಿತು. "ಇನ್ನೂರ ಮೂವತ್ತಾ! ಪೈಪು ಛಿದ್ರ ಆಗುತ್ತಲ್ರೀ! ಇಡೀ ಕಟ್ಟಡ ಕೊಚ್ಚಿಕೊಂಡು ಹೋಗುತ್ತೆ! ನಮ್ಮ ನೌಕರನ ಮನೇಲೇ ಹೀಗಾದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ. ಯಾರಿಗೂ ಹೇಳಿಲ್ಲ ತಾನೇ?"

"ಮನೇಲೇ ಹೇಳಿಲ್ಲ ಸಾರ್."

"ಭೇಷ್! ಹೇಳಬೇಡಿ. ಗಾಬರಿ ಬೀಳ್ತಾರೆ. ನಾನು ನೋಡ್ಕೋತೀನಿ" ಎಂದು ಸಾಹೇಬರು ಪೈಪಿನ ತಂಡದವರಿಗೆ ಗಂಟೆ ಒತ್ತಿದರು. ಸಾಹೇಬರಿಗೆ ಟ್ರಾನ್ಸ್‌ಫಾರ್ಮರ್ ಪರಿಚಯವೂ ಇದೆಯೇ, ಎಂಥ ದೊಡ್ಡ ಮನುಷ್ಯ ಎಂದು ಗೊತ್ತಪ್ಪ ಗದ್ಗದಿತನಾಗಿ ಹೊರಗೆ ಬಂದ.

ಭಾನುವಾರ ಬಂತು. ಬೆಳಿಗ್ಗೆಯೇ ಅವನು ರಿಪೇರಿ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಫೋನ್ ಮಾಡಿದರೆ, "ಬರ್ತಾ ಇದೀನಿ ಸಾರ್, ದಾರೀಲಿದೀನಿ" ಎಂಬ ಉತ್ತರ. ಹಿನ್ನೆಲೆಯಲ್ಲಿ ಯಾರೋ ಹಲ್ಲುಜ್ಜಿ ಮುಕ್ಕಳಿಸುವ ಸದ್ದು. ಗೊತ್ತಪ್ಪ ಅಂಗಡಿಯ ಮುಂದೆ ಅಡ್ಡಾಡಿದ. ರಸ್ತೆಯ ಆಚೆ ಹೋದ, ಈಚೆ ಬಂದ. ಒಂದು ನಾಯಿ ಅವನ ಜತೆ ಸ್ವಲ್ಪ ಹೊತ್ತು ಅಡ್ಡಾಡಿ, ಸುಸ್ತಾಗಿ ಮಲಗಿತು. ಕೊನೆಗೆ ಭಾವಮೈದುನ ಬರುವ ಹೊತ್ತಾಯಿತೆಂದು ಮನೆ ಕಡೆ ದಾಪುಗಾಲು ಹಾಕಿದ.

ಮೆಟ್ಟಿಲ ತುಂಬ ಜನ. ಅವನನ್ನು ಕಂಡು ದಾರಿ ಬಿಟ್ಟರು. ಪಿಟೀಲು ಮೇಷ್ಟ್ರು ಅವನ ಭುಜ ಹಿಸುಕಿ, "ಧೈರ್ಯ ತಗೊಳ್ಳಿ" ಎಂದರು.

ಒಳಗೆ ಹೊಲಿಗೆ ಕೋಣೆಯ ಮಂಚದ ಮೇಲೆ ಹೆಂಡತಿಯನ್ನು ಬಲವಂತವಾಗಿ ಮಲಗಿಸಿದ್ದರು. ಅವಳ ತೋಳಿಗೆ ನರ್ಸಮ್ಮ ರಕ್ತದೊತ್ತಡದ ಪಟ್ಟಿ ಸುತ್ತುತ್ತಿದ್ದರು. ತಲೆದೆಸೆಯಲ್ಲಿ ಭಾವಮೈದುನ, ಅವನ ಕಾಲ ಬಳಿ ಅವಳ ಬಟ್ಟೆ ತುಂಬಿದ ಚೀಲ. ಕಾಲುದೆಸೆಯಲ್ಲಿ ಕೋಲೂರಿ ನಿಂತ ಸಾಹೇಬರು. ಅವರ ಹಿಂದೆ ಪೈಪಿನ ತಂಡದವರಿಬ್ಬರು, ಒಬ್ಬನ ಕೈಯಲ್ಲಿ ಮೊಳದುದ್ದದ ಪಾನಾ, ಇನ್ನೊಬ್ಬನ ಕೈಯಲ್ಲಿ ಗಡಿಯಾರದಂಥ ಪ್ರೆಶರ್ ಮೀಟರು.

"ಪ್ರೆಶರ್ ಜಾಸ್ತಿ ಅಂತ ಬಂದಿದೀವಿ. ಎಲ್ಲಿದೆ?" ಎನ್ನುತ್ತಿದ್ದ ಮೀಟರಿನವನು.

"ಕಣ್ಣು ಕಾಣಲ್ವೇನಪ್ಪಾ? ಮಲಗಿದಾರಲ್ಲ, ಇವರಿಗೇ" ಎಂದರು ನರ್ಸಮ್ಮ.

ಮೀಟರಿನವನು ಟೈಲರಮ್ಮನನ್ನು ನೋಡಿದ, ತನ್ನ ಮೀಟರನ್ನು ನೋಡಿದ. "ಇವರಿಗಾ? ನಾವು ಇದನ್ನ ನಲ್ಲಿ ಬಾಯಿಗೆ ತಿರುಗಿಸಿ ಹಾಕೋದು."

"ತಡ ಮಾಡಬೇಡಿ. ಇದು ವಾಲ್ವಿನದೇ ತೊಂದರೆ. ನೂರಕ್ಕೆ ನೂರು ವಾಲ್ವ್ ಹೋಗಿದೆ" ಎಂದು ಸಾಹೇಬರು ತೀರ್ಪು ಕೊಟ್ಟರು.

"ಅಯ್ಯೋ ನಮ್ಮಕ್ಕಾ!" ಎಂದು ಭಾವಮೈದುನ ಎದೆ ಹಿಡಿದುಕೊಂಡ. "ವಾಲ್ವೂ ಹೋಯ್ತಾ!"

"ಗಾಬರಿ ಬೇಡ. ಹಳೇದನ್ನ ಬಿಚ್ಚಿ ಬಿಸಾಕಿ ಹೊಸದು ಕೂರಿಸ್ತಾರೆ. ನಮ್ಮ ಹುಡುಗರು ಕಣ್ಣು ಮುಚ್ಕೊಂಡು ಮಾಡ್ತಾರೆ."

"ಪಾನಾದಲ್ಲಾ?" ಎಂದು ಎದುರುಮನೆಯಾಕೆ ಕಿರುಚಿದಳು.

"ಎಲ್ಲಾ ಸುಮ್ಮನಿರಿ!" ಎಂದು ನರ್ಸಮ್ಮ ಗದರಿದರು. ಪಟ್ಟಿ ಉಬ್ಬಿತು, ಇಳಿಯಿತು. ನರ್ಸಮ್ಮ ಮುಳ್ಳು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದರು. ದನಿಯಲ್ಲಿ ಸಂತೋಷವೂ ಇತ್ತು, ಕೊಂಚ ನಿರಾಸೆಯೂ ಇತ್ತು. "ನೂರ ಹತ್ತು!"

"ನೂರ ಹತ್ತಾ!" ಬಾಗಿಲಲ್ಲಿ ನಿಂತಿದ್ದ ಗೊತ್ತಪ್ಪ ಕುಣಿದೇಬಿಟ್ಟ. "ಅಷ್ಟೇ ಸಾಕು! ಅಷ್ಟೇ ಬೇಕಾಗಿದ್ದು! ಡಬ್ಬಿ ಬಂದುಬಿಡ್ತಾ?"

ಎಲ್ಲರ ತಲೆ ಅವನ ಕಡೆ ತಿರುಗಿತು. ಹೆಂಡತಿ ಪಟ್ಟಿ ಕಿತ್ತೆಸೆದು ಎದ್ದು ಕೂತಳು. "ಎಲ್ಲರೂ ಬಾಯಿ ಮುಚ್ಚಿ. ರೀ, ಇಲ್ಲಿ ಬನ್ನಿ. ನಿಜ ಹೇಳಿ. ನಿಮಗೇನಾಗಿದೆ?"

"ನನಗಾ?"

"ಕೂತಲ್ಲಿ ಕೂರಲ್ಲ, ಉಂಡ ಅನ್ನ ಮೈಗೆ ಹತ್ತಲ್ಲ, ಕದ್ದು ಕದ್ದು ಫೋನು. ಊರವರೆಲ್ಲ ನನ್ನ ಮುಖ ನೋಡಿ ಅಳ್ತಾರೆ. ಇನ್ನು ಯಾರಿಗೋಸ್ಕರ ದುಡೀತೀರಿ ಅಂತಾರೆ. ನಿಮಗೆ ಏನೋ ದೊಡ್ಡ ಕಾಯಿಲೆ, ನಾನು ಒಂಟಿ ಆಗ್ತೀನಿ, ಅದಕ್ಕೇ ತಾನೇ ಈ ಗಂಜಿ?" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಏನೂ ಬೇಡ ಕಣ್ರೀ. ಆ ದೂರದಿಂದ ತಂದಿದ್ದೂ ಬೇಡ. ನೀವಿದ್ರೆ ಸಾಕು."

ಗೊತ್ತಪ್ಪನ ಕಣ್ಣು ಬಟ್ಟೆಯ ಚೀಲದ ಮೇಲೆ ನೆಟ್ಟಿತ್ತು. ಅವಳು ಆಡಿದ್ದರಲ್ಲಿ 'ಒಂಟಿ' ಎಂಬ ಒಂದೇ ಮಾತು ಅವನ ಕಿವಿಗೆ ಬಿದ್ದಿತ್ತು. ಹೊರಟುಬಿಟ್ಟಳು, ಕರೆದೊಯ್ಯಲು ತಮ್ಮನೇ ಬಂದಿದ್ದಾನೆ, ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದುಕೊಂಡ.

"ಹೋಗಬೇಡ ಕಣೇ! ಸುಟ್ಟಿದ್ದು ನಾನೇ!"

"ಯಾರನ್ನ ಭಾವ?" ಎಂದ ಭಾವಮೈದುನ ಹಿಂದೆ ಸರಿದು.

"ನಿನ್ನ ಬೆನ್ನಿಗೆ ಅಂತ ತಂದಿದ್ನಲ್ಲ, ಒತ್ತೋ ಯಂತ್ರ. ಅಲ್ಲಿ ಕರೆಂಟಿನ ಪ್ರೆಶರ್ ನೂರ ಹತ್ತು, ನಮ್ಮನೇಲಿ ಇನ್ನೂರ ಮೂವತ್ತು. ಹಾಕಿದ್ದೇ ತಡ, ಢಬ್ ಅಂತು. ಮಾರೋವಳು ಬಡ್ಕೊಂಡಳು, ನಾನು ಕೇಳಲಿಲ್ಲ. ನನಗೆ..." ಇಲ್ಲಿ ಅವನ ನಾಲಿಗೆ ತಡವರಿಸಿತು. ಅಭ್ಯಾಸವಿಲ್ಲದ ಮಾತು. "ನನಗೆ ಗೊತ್ತಿರಲಿಲ್ಲ."

ಅವನ ಬಾಯಿಂದ ಆ ಮಾತು ಬಂದದ್ದನ್ನು ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಪಾನಾ ಹಿಡಿದವನು ಯಾಕೋ ತಲೆಯ ಟೋಪಿ ತೆಗೆದ.

"ಮೆಷಿನ್ನಾ?" ಎಂದಳು ಹೆಂಡತಿ. "ಬರೀ ಮೆಷಿನ್ನಾ? ನೀವು ಸಾಯ್ತಿಲ್ವಾ?"

"ಇಲ್ಲ."

ಅವಳು ಕೈಗೆ ಸಿಕ್ಕ ದಿಂಬಿನಿಂದ ಅವನ ತಲೆಗೆ ಒಂದು ಬಿಟ್ಟಳು. ಇನ್ನೊಂದು ಬಿಟ್ಟಳು. ಮೂರನೆಯದಕ್ಕೆ ಎತ್ತಿದವಳು ಅಲ್ಲೇ ಕುಸಿದು ನಗತೊಡಗಿದಳು, ನಗುತ್ತಲೇ ಅತ್ತಳು. ಸಾಹೇಬರು ಮೆಲ್ಲನೆ ನರ್ಸಮ್ಮನನ್ನು, "ಹಾಗಾದ್ರೆ ನೀರು?" ಎಂದು ಕೇಳಿದರು. ನರ್ಸಮ್ಮ, "ಹಾಗಾದ್ರೆ ರಕ್ತ?" ಎಂದು ಸಾಹೇಬರನ್ನು ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಗುರಾಯಿಸಿದರು.

ಆಗಲೇ ಮೆಟ್ಟಿಲಿನಿಂದ ಕೂಗು ಕೇಳಿಸಿತು: "ಸಾರ್! ಬದ್ಕಿತು ಸಾರ್!" ರಿಪೇರಿಯವನು ಏದುಸಿರು ಬಿಡುತ್ತ ಬಂದ. ಒಂದು ಕಂಕುಳಲ್ಲಿ ದಿಂಬು, ಇನ್ನೊಂದರಲ್ಲಿ ಇಟ್ಟಿಗೆಯಷ್ಟು ಭಾರದ ಕಬ್ಬಿಣದ ಡಬ್ಬಿ. ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿ, ಯಂತ್ರವನ್ನು ಡಬ್ಬಿಗೆ ಸಿಕ್ಕಿಸಿದ. ಹೊಲಿಗೆಯ ಕುರ್ಚಿಗೆ ದಿಂಬು ಒರಗಿಸಿ ಎಲ್ಲರೂ ದೂರ ನಿಂತರು. ಪೈಪಿನವರು ಇನ್ನೂ ದೂರ ನಿಂತರು.

ಟೈಲರಮ್ಮ ಹೋಗಿ ಕೂತಳು. "ಬೇಡ ಕಣೇ, ಮೊದಲು ನಾನು..." ಎಂದ ಗೊತ್ತಪ್ಪ. ಅವಳು ಅವನ ಹಾಗೆಯೇ ಅಂಗೈ ಎತ್ತಿ ತಡೆದು ಸ್ವಿಚ್ ಒತ್ತಿದಳು. ಡಬ್ಬಿ ಗುಂಯ್ ಎಂದಿತು. ದಿಂಬಿನೊಳಗೆ ಗುಂಡುಗಳು ಸಾವಕಾಶವಾಗಿ ತಿರುಗಿದವು. ಮೇಲೆ ಹೋದವು, ಕೆಳಗೆ ಬಂದವು. ಅವಳ ಭುಜ ಇಳಿಯಿತು, ಕತ್ತು ಹಿಂದಕ್ಕೆ ವಾಲಿತು. "ಆಹಾ" ಎಂದಳು. ಮೆಟ್ಟಿಲಿನವರೆಗೂ ಜನ "ಆಹಾ" ಎಂದರು.

ತೆಗೆದ ಪಟ್ಟಿ ದಂಡವಾಗಬಾರದೆಂದು ನರ್ಸಮ್ಮ ಅದನ್ನು ಗೊತ್ತಪ್ಪನ ತೋಳಿಗೆ ಸುತ್ತಿದರು. ಮುಳ್ಳು ನೋಡಿದರು. ಅವನ ಮುಖ ನೋಡಿದರು. ಅಂಕಿ ಎಷ್ಟೆಂದು ಹೇಳದೆ, ನಿವೃತ್ತಿಯ ನಂತರ ಮೊದಲ ಸಲ ಮುಖ ಅರಳಿಸಿ, "ಆ ಗಂಜಿಯೆಲ್ಲ ಇನ್ನು ಇವರಿಗೆ" ಎಂದರು.

ಜನ ಕರಗತೊಡಗಿದರು. ಬಟ್ಟೆ ಒಯ್ದಿದ್ದವರು ನಾಚಿಕೊಂಡು ಒಬ್ಬೊಬ್ಬರಾಗಿ ತಂದು ಮೇಜಿನ ಮೇಲಿಟ್ಟರು. ಅರ್ಧ ಪರದೆಯೂ ಬಂತು. ಮೇಷ್ಟ್ರು ಪಿಟೀಲು ಶುರುಮಾಡಿದರು. ಭಾವಮೈದುನ ಆಸ್ಪತ್ರೆಗೆಂದು ಕಟ್ಟಿದ್ದ ಚೀಲ ಬಿಚ್ಚಿ ಅಕ್ಕನ ಬಟ್ಟೆಗಳನ್ನು ಬೀರುವಿಗೆ ವಾಪಸು ತುಂಬಿದ. ಗೊತ್ತಪ್ಪ ಮಾತ್ರ ಕುರ್ಚಿಯ ಸುತ್ತ ಸುಳಿಯುತ್ತಲೇ ಇದ್ದ. ಡಬ್ಬಿ ಬಿಸಿಯಾಗಿದೆಯೇ ಎಂದು ಮುಟ್ಟುವುದು, ವಾಸನೆ ಬಂತೇ ಎಂದು ಮೂಸುವುದು.

"ರೀ" ಎಂದಳು ಹೆಂಡತಿ ಅರೆಗಣ್ಣಿನಲ್ಲಿ. "ಇದನ್ನ ನಿಲ್ಲಿಸೋದು ಹೇಗೆ?"

ಗೊತ್ತಪ್ಪನ ಅಂಗೈ ತಾನಾಗಿ ಮೇಲೆದ್ದಿತು. ಬಾಗಿಲಲ್ಲಿ ಉಳಿದಿದ್ದವರು ಅಭ್ಯಾಸಬಲದಿಂದ ಕಾದರು. ಅಂಗೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು.

"ಗೊತ್ತಿಲ್ಲ ಕಣೇ."

"ಒಳ್ಳೇದಾಯ್ತು ಬಿಡಿ" ಎಂದು ಅವಳು ಕಣ್ಣು ಮುಚ್ಚಿದಳು.